ಗೋಂದಿನ ಟೀಚರ್

ಮೂರನೆಯ ತರಗತಿಯ ಟೀಚರ್ ಒಳಗೆ ಕಾಲಿಟ್ಟರೆ ಶಿಕ್ಷಕರ ಕೊಠಡಿಯಲ್ಲಿ ಮಾತು ನಿಲ್ಲುತ್ತಿತ್ತು. ಗೌರವಕ್ಕಲ್ಲ; ಅದುವರೆಗೆ ನಡೆದಿದ್ದ ಮಾತು ಅವರ ಬಗ್ಗೆಯೇ ಆಗಿರುತ್ತಿತ್ತು. ಅವರು ಮಕ್ಕಳಿಗೆ ಹೊಡೆಯುತ್ತಿರಲಿಲ್ಲ. ಚೆಲ್ಲಿದವರೇ ಒರೆಸಬೇಕು, ಹರಿದವರೇ ಅಂಟಿಸಬೇಕು. ಮೇಜಿನ ಮೇಲೆ ಬೆತ್ತದ ಬದಲು ಗೋಂದಿನ ಬಾಟಲಿ ಇರುತ್ತಿದ್ದರಿಂದ ಗೋಂದಿನ ಟೀಚರ್ ಎಂದೇ ಹೆಸರು ಬಿತ್ತು.

"ದಂಡಂ ದಶಗುಣಂ ಅಂತ ಹಿರಿಯರು ಸುಮ್ನೆ ಹೇಳಿದ್ರಾ?" ನಾಲ್ಕನೆಯ ತರಗತಿಯ ಮೇಷ್ಟ್ರು ಮರದ ಸ್ಕೇಲಿನಿಂದ ಬೆನ್ನು ತುರಿಸಿಕೊಳ್ಳುತ್ತಾ ಕೆಣಕಿದರು. "ನಿಮ್ಮ ಮುದ್ದಿಗೆ ಅವು ನಾಳೆ ನನ್ನ ತಲೆ ಮೇಲೆ ಕೂತ್ಕೋತಾವೆ."

"ಮುದ್ದು ಯಾರು ಮಾಡ್ತಾರೆ? ಒಂದು ಏಟು ತಿಂದ್ರೆ ಮಗುವಿಗೆ ಲೆಕ್ಕ ಚುಕ್ತಾ. ನಾನು ಅಷ್ಟು ಸುಲಭಕ್ಕೆ ಬಿಡಲ್ಲ."

ಅದು ನಿಜವೇ. ಅವರದು ಕಲ್ಲುಮುಖ. ಗದ್ದಲವೆದ್ದರೆ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿಬಿಡುತ್ತಿದ್ದರು. ಮುಂದೇನಾಯಿತೆಂದು ಕೇಳುವ ಆಸೆಗೆ ಮಕ್ಕಳೇ ಒಬ್ಬರನ್ನೊಬ್ಬರು ಗದರಿಸಿಕೊಳ್ಳುತ್ತಿದ್ದರು. ಮಕ್ಕಳಿಗೆ ಅವರ ಮೇಲೆ ಪ್ರೀತಿಯಿತ್ತು ಎಂದರೆ ಸುಳ್ಳಾದೀತು. ಭಯವಿರಲಿಲ್ಲ, ಅಷ್ಟೇ.

ಒಮ್ಮೆ ಮೆಕ್ಯಾನಿಕ್‌ನ ಮಗಳು ತಡವರಿಸಿ ಓದಿದ್ದಕ್ಕೆ ಪಕ್ಕದವಳು ನಕ್ಕಳು. ಇವಳು ಸಿಟ್ಟಿಗೆದ್ದು ಅವಳ ಪುಸ್ತಕವನ್ನೇ ಹರಿದುಹಾಕಿದಳು. ಶಾಲೆ ಬಿಟ್ಟಮೇಲೆ ಟೀಚರ್ ಇಬ್ಬರನ್ನೂ ಕೂರಿಸಿದರು. ನಕ್ಕವಳು ಹಾಳೆ ಹಿಡಿಯಬೇಕು, ಹರಿದವಳು ಅಂಟಿಸಬೇಕು. ಕೆಲಸ ಒಂದೇ ದಿನಕ್ಕೆ ಮುಗಿಯಲಿಲ್ಲ. ಮರುದಿನ ಸಂಜೆ ಇಬ್ಬರೂ ಮತ್ತೆ ಅಂಟಿಸಲು ಕೂತಿದ್ದಾಗ ಮೆಕ್ಯಾನಿಕ್ ಗ್ರೀಸ್ ಮೆತ್ತಿದ ಕೈಯಲ್ಲೇ ನುಗ್ಗಿ ಬಂದ.

"ಇದೇನ್ ಮೇಡಂ, ಶಾಲೆನಾ, ಬೈಂಡಿಂಗ್ ಅಂಗಡಿನಾ? ಎರಡು ಬಿಗಿದು ಕಳಿಸೋಕೆ ನಿಮಗೇನು ಕೈ ನೋಯುತ್ತಾ? ನಿಮ್ಮಿಂದ ಆಗಲ್ಲ ಅಂದ್ರೆ ನಾನೇ ತೋರಿಸ್ತೀನಿ."

ಅವನು ಮಗಳ ಮೇಲೆ ಕೈಯೆತ್ತಿದ. ಟೀಚರ್ ಅಡ್ಡ ಬಂದರು. ಏಟು ಅವರ ಕೆನ್ನೆಗೆ ಬಿದ್ದು, ಕನ್ನಡಕ ನೆಲಕ್ಕೆ ಹಾರಿ ಕಡ್ಡಿ ಮುರಿಯಿತು.

"ನಿಮಗಲ್ಲ ಮೇಡಂ... ಅವಳಿಗೆ..."

"ಗೊತ್ತು. ಅದಕ್ಕೇ ಇನ್ನೂ ಜಾಸ್ತಿ ಸಿಟ್ಟು ಬರ್ತಿದೆ."

"ಹೊಸದು ಕೊಡಿಸ್ತೀನಿ."

"ಬೇಡ. ಮುರಿದೋರು ನೀವು. ಇಲ್ಲೇ ಕೂತು ಸರಿ ಮಾಡಿ."

ಮಗಳು ನೋಡುತ್ತಿದ್ದಳು. ಅವನು ಹಲ್ಲು ಕಚ್ಚಿಕೊಂಡು ಪುಟ್ಟ ಬೆಂಚಿನ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಕುಳಿತು, ಜೇಬಿನಲ್ಲಿದ್ದ ತಂತಿ ಸುತ್ತಿ ಕಡ್ಡಿ ಕೂರಿಸಿದ. ಅಲ್ಲಿಂದ ನೇರ ಮುಖ್ಯೋಪಾಧ್ಯಾಯಿನಿಯ ಬಳಿ ಹೋಗಿ, ಮಗಳ ಮುಂದೆ ನನ್ನ ಮಾನ ಕಳೆದರೆಂದು ದೂರಿದ.

"ಪೋಷಕರಿಗೂ ಶಿಕ್ಷೆ ಕೊಡ್ತೀರಾ?" ಎಂದರು ಆಕೆ, ಟೀಚರನ್ನು ಕರೆಸಿ. "ಐದನೇ ತರಗತಿ ತಗೊಳ್ಳಿ ಹಾಗಾದ್ರೆ. ನಿಮ್ಮ ಶೌರ್ಯ ಅಲ್ಲಿ ನೋಡೋಣ."

ಐದನೆಯ ತರಗತಿಯವರು ಮೇಷ್ಟ್ರ ಸ್ಕೇಲಿನ ಕೆಳಗೆ ವರ್ಷ ಕಳೆದು ಬಂದವರು. ಮೊದಲ ದಿನ ಟೀಚರ್ ಬೋರ್ಡಿನ ಮೇಲ್ತುದಿ ಒರೆಸಲೆಂದು ಕೈಯೆತ್ತಿದರು. ಮುಂದಿನ ಸಾಲಿನವರೆಲ್ಲ ಮುಖಕ್ಕೆ ಮೊಣಕೈ ಅಡ್ಡ ಹಿಡಿದರು. ಟೀಚರ್ ಡಸ್ಟರ್ ಕೆಳಗಿಟ್ಟು ಮೇಷ್ಟ್ರ ಬಾಗಿಲಿಗೆ ಹೋದರು.

"ಏನು ಟೀಚರ್, ಇಷ್ಟು ಬೇಗ ಸೋತ್ರಾ?"

"ನೀವು ಕಲಿಸಿದ್ದು ಏನಂತ ಬಂದು ನೋಡಿ. ಅಲ್ಲಿ ನಿಂತು ಕೈ ಎತ್ತಿ, ಸಾಕು."

ಮೇಷ್ಟ್ರು ಏಳಲಿಲ್ಲ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಟೀಚರ್ ಹಿಂತಿರುಗಿ ಸೀಮೆಸುಣ್ಣವನ್ನೂ ಡಸ್ಟರನ್ನೂ ಮಕ್ಕಳಿಗೇ ಕೊಟ್ಟರು. ಮೊದಲ ವಾರವೆಲ್ಲ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಪಾಠ ಮಾಡಿದರು.