ಸುಶೀಲಕ್ಕನ ಪರವಾಗಿ ಬೀಳಗಿಗೆ

ಲುಸಾಕಾದಿಂದ ಹೊರಟು, ಅಡಿಸ್ ಅಬಾಬಾದಲ್ಲಿ ವಿಮಾನ ಬದಲಿಸಿ ಮುಂಬಯಿಗೆ ಇಳಿದೆ. ಅಲ್ಲಿಂದ ಸ್ಲೀಪರ್ ಬಸ್ಸಿನಲ್ಲಿ ಜಮಖಂಡಿ ಮುಟ್ಟಿದಾಗ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ತಮ್ಮನ ಮನೆಯ ಬಾಗಿಲಿಗೆ ಕ್ರಿಸ್ಮಸ್ಸಿನ ನಕ್ಷತ್ರ ಕಟ್ಟಿದ್ದರು. ಹಬ್ಬಕ್ಕೆಂದು ಬಂದವಳಾದರೂ ನನ್ನ ತಲೆಯಲ್ಲಿದ್ದದ್ದು ಸುಶೀಲಕ್ಕ ಒಪ್ಪಿಸಿದ ಕೆಲಸ.

ಜಾಂಬಿಯಾದ ಉತ್ತರ ಭಾಗದ ಒಂದು ಹಳ್ಳಿಯಲ್ಲಿ ಮಿಷನ್ ಶಾಲೆಯಿದೆ. ಅಲ್ಲಿ ಕನ್ನಡದವರು ನಾವಿಬ್ಬರೇ, ನಾನು ಮತ್ತು ಬನಹಟ್ಟಿಯ ಸುಶೀಲಕ್ಕ. ಡಿಸೆಂಬರ್ ರಜೆಯಲ್ಲಿ ಹೋಗಲು ಮನೆಯಿಲ್ಲದ ಕೆಲವು ಮಕ್ಕಳು ಹಾಸ್ಟೆಲಿನಲ್ಲೇ ಉಳಿಯುತ್ತಾರೆ. ಅವರಿಗೆ ಪಾಠ ಹೇಳಿಕೊಡಲು, ಹಬ್ಬ ಮಾಡಿಸಲು ಒಬ್ಬ ಟೀಚರ್ ಇರಲೇಬೇಕು. ಈ ಸಲ ಸುಶೀಲಕ್ಕ ತಾನು ಉಳಿದು ನನ್ನನ್ನು ಕಳಿಸಿದಳು. ಅವಳಿಗೆ ನಿವೃತ್ತಿಯ ವಯಸ್ಸಾಗಿತ್ತು. ಇನ್ನೂ ಮೂರು ವರ್ಷ ಇರುತ್ತೀರೋ, ಊರಿಗೆ ಹೋಗುತ್ತೀರೋ ಎಂಬುದನ್ನು ವರ್ಷ ಮುಗಿಯುವುದರೊಳಗೆ ತಿಳಿಸಬೇಕೆಂದು ಶಾಲೆಯವರು ಕೇಳಿದ್ದರು. ತನ್ನನ್ನು ಎತ್ತಿ ಆಡಿಸಿದ ಅಕ್ಕ ಕಮಲವ್ವನ ಜೊತೆ ಕೊನೆಗಾಲ ಕಳೆಯಬೇಕೆಂಬುದು ಸುಶೀಲಕ್ಕನ ಆಸೆ. ಆದರೆ ಮಿಷನ್ ಹಾಸ್ಟೆಲಿನಲ್ಲಿ ಓದಿ, ಕ್ರೈಸ್ತಳಾಗಿ ಮನೆ ಬಿಟ್ಟವಳಿಗೆ ತಾನಾಗಿ ಕೇಳುವ ಧೈರ್ಯವಿರಲಿಲ್ಲ. “ನೀ ಹೋಗಿ ಕೇಳು. ಆಕಿ ಮಾರಿ ನೋಡಿದ್ರ ನಿನಗ ತಿಳೀತೈತಿ” ಎಂದಿದ್ದಳು.

ಮರುದಿನ ಬೆಳಿಗ್ಗೆ ಬನಹಟ್ಟಿಯ ಬಸ್ಸು ಹತ್ತಿದೆ. ಹೆಂಗಸರಿಗೆ ಬಸ್ಸು ಫುಕಟ್ ಆದಮೇಲೆ ನಾನು ಊರಿಗೆ ಬಂದದ್ದು ಇದೇ ಮೊದಲು. ಆಧಾರ್ ಕಾರ್ಡು ತೋರಿಸಿದ್ದಕ್ಕೆ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಬಸ್ಸು ಅವುಗಳ ಹಿಂದೆ ತೆವಳುತ್ತ ಸಾಗಿತು.

ತನ್ನ ತಮ್ಮ ಈರಪ್ಪನವರ ಮನೆಯಲ್ಲೇ ಕಮಲವ್ವ ಇರುತ್ತಾಳೆಂದು ಸುಶೀಲಕ್ಕ ಹೇಳಿದ್ದಳು. ಆ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಓಣಿಯಲ್ಲಿ ಪವರ್‌ಲೂಮಿನ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ಎಲ್ಲಿಂದ ಬಂದೆನೆಂದು ಹೇಳಿದ ಮೇಲೆ ಈರಪ್ಪನವರು ಮಗ್ಗ ನಿಲ್ಲಿಸಿ, ಹೊರಗೆ ಕಟ್ಟೆಯ ಮೇಲೆ ಕೂರಿಸಿ ಚಹಾ ತರಿಸಿದರು. ಸುಶೀಲಕ್ಕನ ಹೆಸರನ್ನು ಒಮ್ಮೆಯೂ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, “ಅಲ್ಲಿ ರೊಟ್ಟಿ ಸಿಗತಾವೇನ್ರಿ ಆಕಿಗೆ?” ಎಂದರು. ಮೆಕ್ಕೆಜೋಳದ ಹಿಟ್ಟಿನಲ್ಲಿ ತಾನೇ ಬಡಿದುಕೊಳ್ಳುತ್ತಾಳೆ ಎಂದೆ. ಅವರು ತಲೆ ತಗ್ಗಿಸಿ ನಕ್ಕರು. ಕಮಲವ್ವ ಈಗ ಅಲ್ಲಿಲ್ಲವೆಂದೂ, ಮನೆ ಪಾಲಾಗಿ ತನಗೆ ಜಾಗವಿಲ್ಲದಾದಾಗ ಬೀಳಗಿ ಕಡೆಯ ಮಗಳ ಮನೆ ಸೇರಿದಳೆಂದೂ ಹೇಳಿದರು. ಹೊರಡುವಾಗ ಬಸ್ ನಿಲ್ದಾಣದವರೆಗೂ ನನ್ನ ಜೊತೆ ನಡೆದು ಬಂದರು.

ಮಹಾಲಿಂಗಪುರದ ಮೇಲೆ ಮುಧೋಳಕ್ಕೆ ಬಂದೆ. ಬೀಳಗಿ ಬಸ್ಸು ತಡವಿತ್ತು. ನಿಲ್ದಾಣದ ಹೊರಗೆ ಗಿರ್ಮಿಟ್, ಮಿರ್ಚಿ ತಿಂದೆ. ಬಿಸಿಲೇರಿತ್ತು, ಸಕ್ಕರೆ ಕಾರ್ಖಾನೆಯ ಸಿಹಿಗಮಟು ವಾಸನೆ ಊರ ತುಂಬ ಹರಡಿತ್ತು. ಬಸ್ಸಿನಲ್ಲಿ ಕುಳಿತ ಮೇಲೆ ಕಮಲವ್ವನಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಆಕೆ ಸಿಟ್ಟಿನಿಂದ ಬಾಗಿಲು ಹಾಕಿಕೊಂಡರೆ ಏನು ಮಾಡುವುದೆಂಬುದೇ ನನ್ನ ಭಯವಾಗಿತ್ತು.

ಬೀಳಗಿಯಿಂದ ಆಟೋ ಮಾಡಿಕೊಂಡು ಹೋದೆ. ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಊರು ಮುಳುಗಿದವರಿಗಾಗಿ ಕಟ್ಟಿದ ಪುನರ್ವಸತಿ ಕೇಂದ್ರವೇ ಕಮಲವ್ವನ ಮಗಳ ಊರು. ಅಗಲ ರಸ್ತೆ, ಒಂದೇ ಅಳತೆಯ ಜಾಗಗಳು. ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದ ಮುದುಕಿಯ ಮೂಗು, ಗದ್ದ ಎರಡೂ ಸುಶೀಲಕ್ಕನವೇ. ತಂಗಿಯ ಹೆಸರು ಹೇಳುತ್ತಿದ್ದಂತೆ ಕಮಲವ್ವ ನನ್ನ ಎರಡೂ ಕೈ ಹಿಡಿದುಕೊಂಡಳು. ಮಗಳು ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ನನ್ನ ಭಯಕ್ಕೆ ಅರ್ಥವೇ ಇರಲಿಲ್ಲ.

ಮಗಳು ಒಳಗೆ ಹೋದಾಗ ನಾನು ಬಂದ ಕಾರಣ ಹೇಳಿದೆ. ಕಮಲವ್ವ ಶೇಂಗಾದ ಬುಟ್ಟಿ ಪಕ್ಕಕ್ಕೆ ಸರಿಸಿದಳು.

“ಸಿಟ್ಟು ಎಂದೋ ಹೋತವ್ವಾ,” ಎಂದಳು ಸಣ್ಣ ದನಿಯಲ್ಲಿ. “ಆವಾಗ ನನಗ ಮನಿ ಇತ್ತು, ಕರೀಲಿಲ್ಲ. ಈಗ ಕರೀಬೇಕನಸ್ತೈತಿ, ಮನಿ ಇಲ್ಲ. ಅಳಿಯನ ಮನ್ಯಾಗ ನಾನ ಒಂದು ಮೂಲ್ಯಾಗ ಅದೇನಿ. ಆಕಿನ್ನ ಎಲ್ಲಿ ಕುಂದ್ರಸ್ಲಿ?”

ಇಬ್ಬರೂ ಸೇರಿ ಬೀಳಗಿಯಲ್ಲಿ ಬಾಡಿಗೆ ಮನೆ ಮಾಡಬಹುದಲ್ಲ ಎಂದೆ. ಮಗಳ ಮನೆ ಬಿಟ್ಟು ಹೊರಗೆ ಹೋದರೆ ಊರವರು ಅಳಿಯನನ್ನು ಆಡಿಕೊಳ್ಳುತ್ತಾರೆ, ಮಗಳ ಬಾಳು ಕಷ್ಟವಾಗುತ್ತದೆ ಎಂದಳು. ಆ ಲೆಕ್ಕವನ್ನು ಆಕೆ ಎಂದೋ ಹಾಕಿ ನೋಡಿದ್ದಳು.

ಸುಶೀಲಕ್ಕನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಇನ್ನೂ ಊಟದ ಹೊತ್ತಾಗಿರಲಿಲ್ಲ, ಜೋರು ಮಳೆ. ಹಾಸ್ಟೆಲಿನ ಮಕ್ಕಳು ಹಬ್ಬದ ಹಾಡು ಕಲಿಯುತ್ತಿದ್ದರು. ಅವರ ನಡುವೆ ಸುಶೀಲಕ್ಕ ಫೋನಿಗೆ ಮುಖ ಒಡ್ಡಿ “ಅಕ್ಕಾ” ಎಂದಳು. ಕಮಲವ್ವ ಕಣ್ಣು ಕಿರಿದು ಮಾಡಿ ನೋಡಿ, “ಎಷ್ಟು ಮಕ್ಕಳಬೇ ನಿನಗ” ಎಂದಳು. ಇಬ್ಬರೂ ನಕ್ಕರು. ಮಂಡಿನೋವು, ಮಳೆ, ಶೇಂಗಾ ಬೆಳೆ ಎಲ್ಲ ಮಾತಾಡಿದರು. ಬರಲೇ ಎಂದು ತಂಗಿ ಕೇಳಲಿಲ್ಲ, ಬಾ ಎಂದು ಅಕ್ಕ ಅನ್ನಲಿಲ್ಲ. ನೆಟ್‌ವರ್ಕ್ ಹೋಯಿತು.

ಕಮಲವ್ವ ಸೆರಗಿನಿಂದ ನನ್ನ ಫೋನಿನ ಗಾಜು ಒರೆಸಿ ವಾಪಸು ಕೊಟ್ಟಳು. ತನಗೆ ಮನೆಯಿಲ್ಲದ ವಿಷಯ ಮಾತ್ರ ತಂಗಿಗೆ ಹೇಳಬೇಡವೆಂದಳು. ನಾನು ಒಪ್ಪಲಿಲ್ಲ. ಅಕ್ಕನಿಗೆ ಇನ್ನೂ ಸಿಟ್ಟಿದೆ ಎಂದುಕೊಂಡು ಅವಳು ಅಲ್ಲೇ ಉಳಿಯುವುದಕ್ಕಿಂತ ನಿಜ ತಿಳಿಯಲಿ ಎಂದೆ. ಕಮಲವ್ವ ಕೊನೆಗೆ ಹೂಂ ಅಂದಳು.

ಜಮಖಂಡಿಗೆ ಸಂಜೆಯ ಬಸ್ಸು ಸಿಕ್ಕಿತು. ತಮ್ಮನ ಮನೆ ಮುಟ್ಟಿ, ರಾತ್ರಿ ಊಟ ಮುಗಿದ ಮೇಲೆ ಸುಶೀಲಕ್ಕನಿಗೆ ಫೋನು ಮಾಡಿ, ಅಕ್ಕ ಅಂದದ್ದನ್ನೆಲ್ಲ ಹಾಗೇ ಹೇಳಿದೆ. ಆ ಕಡೆ ತಗಡಿನ ಮೇಲೆ ಮಳೆ ಬೀಳುವ ಸದ್ದು ಕೇಳುತ್ತಿತ್ತು.

“ಕರೀಬೇಕನಸ್ತೈತಿ ಅಂದ್ಲಾ?” ಎಂದು ಕೇಳಿದಳು.

ಹೌದೆಂದೆ.

“ನನಗ ಅಷ್ಟ ಸಾಕಾತು ಬಿಡು. ಇನ್ನೂ ಮೂರು ವರ್ಷ ಇಲ್ಲೇ ಇರ್ತೇನಂತ ನಾಳಿಗಿ ಸಾಲಿಯವರಿಗೆ ಹೇಳ್ತೇನಿ.” ಮಕ್ಕಳು ಊಟಕ್ಕೆ ಕಾಯುತ್ತಿದ್ದಾರೆಂದು ಹೇಳಿ ಅವಳು ಫೋನು ಇಟ್ಟಳು.