ಕೈಚಾಚದ ಟೇಟಮ್

ನಮ್ಮ ರಾಜ್ಯದ ಶಾಸನಸಭೆಯ ಸೆನೆಟರ್ ರಾಯ್ಸ್ ಟೇಟಮ್ ಅವರಿಗೆ ವಾಷಿಂಗ್ಟನ್, ಅಂದರೆ ಕೇಂದ್ರ ಸರ್ಕಾರ, ಎಂದರೆ ಸಾಕು, ಮೈಯೆಲ್ಲ ಉರಿಯುತ್ತದೆ. ಹೊಲದ ಜೋಳ ಒಣಗಿದರೂ, ಅವರ ಬೂಟಿನ ಲೇಸು ಬಿಚ್ಚಿಕೊಂಡರೂ ಅದು ವಾಷಿಂಗ್ಟನ್ನಿನ ಪಿತೂರಿ. ಬೇಸಿಗೆಯಲ್ಲಿ ಶಾಲೆ ಮುಚ್ಚಿ ಮಧ್ಯಾಹ್ನದ ಊಟ ನಿಂತಾಗ ಬಡವರ ಮಕ್ಕಳ ದಿನಸಿಗೆಂದು ಕೇಂದ್ರ ಸರ್ಕಾರ ಕೊಡಲು ಬಂದ ಹಣವನ್ನು "ನಮಗೆ ಬೇಡ" ಎಂದು ಹಿಂದಕ್ಕಟ್ಟಿಸಿದ ಪುಣ್ಯಾತ್ಮರು ಇವರೇ. ಆ ವಾರದ ಭಾನುವಾರವೇ ಚರ್ಚಿನ ಸಹಭೋಜನದಲ್ಲಿ ಎಲ್ಲರಿಗಿಂತ ಮೊದಲು ತಟ್ಟೆ ಹಿಡಿದು ನಿಂತವರೂ ಇವರೇ. ಕೋಳಿಯ ತೊಡೆ ಕಡಿಯುತ್ತಲೇ ಅದೇ ಹಳೇ ಭಾಷಣ: "ಬಿಟ್ಟಿ ತಿಂದ್ರೆ ಮಕ್ಳು ಕೆಟ್ಟೋಗ್ತವೆ. ನಮ್ಮಮ್ಮ ಯಾರ ಮುಂದೂ ಕೈಚಾಚಿದೋಳಲ್ಲ. ಅವಳು ಮಾಡ್ತಿದ್ದ ಚೀಸ್ ಮ್ಯಾಕರೋನಿ ತಿಂದೇ ನಾನು ಇಷ್ಟೆತ್ತರ ಆದೆ!" ಪ್ರತಿ ಚುನಾವಣೆಯಲ್ಲೂ ಆ ಮ್ಯಾಕರೋನಿಯನ್ನು ನಮಗೆ ಬಡಿಸಿ ಬಡಿಸಿ ಗೆದ್ದವರು. ಈ ಸಲ ಅವರ ಬಾಲ್ಯದ ನೆರೆಮನೆಯ ಮುದುಕಿ ವರ್ಲೀನ್, ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟಳು. "ರಾಯ್ಸೀ, ಆ ಚೀಸು ವಾಷಿಂಗ್ಟನ್ ಹಂಚಿದ್ದು ಕಣೋ. ಇದೇ ಚರ್ಚಿನ ನೆಲಮಾಳಿಗೇಲಿ ನಾನೂ ನಿಮ್ಮಮ್ಮನೂ ಸಾಲಲ್ಲಿ ನಿಂತು ತರ್ತಿದ್ವಿ. ನೀನು ಸ್ಕೂಲಿಂದ ಬರೋದ್ರೊಳಗೆ, ಸರ್ಕಾರಿ ಮುದ್ರೆ ಇದ್ದ ಆ ರಟ್ಟಿನ ಡಬ್ಬಾನ ಹಿತ್ತಲಲ್ಲಿ ಸುಟ್ಟುಹಾಕ್ತಿದ್ಲು, ಮಗ ತಲೆ ಎತ್ಕೊಂಡು ಬೆಳೀಲಿ ಅಂತ. ಬೆಳೆದ್ಯಲ್ಲಪ್ಪಾ. ಈಗ ಬೇರೆ ತಾಯಂದಿರ ಮಕ್ಕಳ ತಟ್ಟೆ ಕಿತ್ಕೊಳ್ಳೋವಷ್ಟು ಎತ್ತರ ಬೆಳೆದ್ಬಿಟ್ಟೆ."