ಉಚ್ಚೆಂಗಪ್ಪನ ಬೆನ್ನಿನ ಕರೆಂಟು

ಉಚ್ಚೆಂಗಪ್ಪನನ್ನು ಎತ್ತಿನ ಸಾಲಿನಲ್ಲಿ ಕಟ್ಟಿದ್ದರೆ ನಾನಂತೂ ಹಗ್ಗ ಬಿಚ್ಚಿಸಿ ಕೊಳ್ಳುತ್ತಿರಲಿಲ್ಲ. ಹಲ್ಲು ಗಟ್ಟಿ, ಎದೆ ಅಗಲ, ಕಣ್ಣು ಚುರುಕು. ಆದರೆ ಒಂದು ಕಾಲು ಎಳೆಯುತ್ತಿತ್ತು, ಬಿಸಿಲೇರಿದರೆ ನಡಿಗೆ ವಾಲುತ್ತಿತ್ತು. ಕುಡಿದಿದ್ದಾನೆ ಎನ್ನುತ್ತಿದ್ದರು. ಕಾಲುವೆಯಲ್ಲಿ ಮುಳುಗಿ ಎದ್ದರೆ ಸ್ವಲ್ಪ ನೆಟ್ಟಗಾಗುತ್ತಿದ್ದ. ತಣ್ಣೀರಿಗೆ ಅಮಲು ಇಳಿಯಿತು ಎನ್ನುತ್ತಿದ್ದರು; ಅಲ್ಲಿಗೆ ಆ ಮಾತಿಗೆ ಸಾಕ್ಷಿಯೂ ಸಿಕ್ಕಿತು.

ಅವನು ಕಂಪ್ಲಿ ಕಡೆಯ ದನದ ಸಂತೆಯಲ್ಲಿ ದಲ್ಲಾಳಿ. ಎಂಬತ್ತರ ದಶಕ; ಕಾಲುವೆ ನೀರಿಗೆ ಎರಡು ಬೆಳೆ ಭತ್ತ ಬರುತ್ತಿದ್ದ ಕಾಲ. ರೈತರಿಗೆ ಎತ್ತು ಬೇಕು, ನನ್ನಂಥ ಎತ್ತಿನ ವ್ಯಾಪಾರಿಗೆ ಉಚ್ಚೆಂಗಪ್ಪ ಬೇಕು. ಸಂತೆಯಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ದಲ್ಲಾಳಿಯ ಬೆರಳು ಹಿಡಿದು ಒತ್ತುತ್ತೇವೆ; ಬೆರಳು ಹೆಚ್ಚಿದಷ್ಟೂ ದರ ಹೆಚ್ಚು. ಅವನ ಅನ್ನವೆಲ್ಲ ಆ ಬೆರಳುಗಳಲ್ಲಿತ್ತು.

ಆ ಬೆರಳುಗಳೇ ಜೋಮು ಹಿಡಿದವು. ಯಾರು ಎಷ್ಟು ಒತ್ತಿದರೂ ತಿಳಿಯದು. ಹೇಳಿದರೆ ದಲ್ಲಾಳಿತನ ಹೋಗುತ್ತದೆಂದು ಹೆಂಡತಿ ಎರ್ರಮ್ಮನಿಗೆ ಮಾತ್ರ ಹೇಳಿದ್ದ. ಮುಖ ಕಲ್ಲು ಮಾಡಿಕೊಂಡು ಸುಮ್ಮನೆ ನಿಲ್ಲುತ್ತಿದ್ದ. ಒಪ್ಪಲಿಲ್ಲವೆಂದು ಕೊಳ್ಳುವವರು ಇನ್ನೊಂದು ಬೆರಳು ಸೇರಿಸುತ್ತಿದ್ದರು. ಕೊನೆಗೆ ರೋಸಿಹೋಗಿ ದರವನ್ನು ಬಾಯಿಬಿಟ್ಟು ಹೇಳಿದಾಗ ಇವನು 'ಹ್ಞೂಂ' ಎನ್ನುತ್ತಿದ್ದ. ಇನ್ನು ಕತ್ತು ಬಗ್ಗಿಸಿದರೆ ಸಾಕು, ಬೆನ್ನುಹುರಿಗುಂಟ ಕರೆಂಟು ಹೊಡೆದು ನಿಂತಲ್ಲೇ ಜಿಗಿಯುತ್ತಿದ್ದ. ಮಾರುವವರು ದರಕ್ಕೆ ಬೆಚ್ಚಿದನೆಂದು ತಾವೇ ಇಳಿಸುತ್ತಿದ್ದರು. ಅವನ ಹೆಸರು ಸಂಡೂರಿನ ತನಕ ಹೋಯಿತು. ಹರೆಯದ ದಲ್ಲಾಳಿ ಜಂಬಪ್ಪ ಜಿಗಿಯುವುದನ್ನು ಅಭ್ಯಾಸ ಮಾಡಲು ಹೋಗಿ ಸಗಣಿಯಲ್ಲಿ ಬಿದ್ದ.

ಕೊನೆಗೆ ಎರ್ರಮ್ಮ ಗಂಡನನ್ನು ಬೆಂಗಳೂರಿಗೆ ಕರೆದೊಯ್ದಳು. ನರದ ಡಾಕ್ಟರು ಇದು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ಬೆನ್ನೆಲುಬು ನೆಟ್ಟಗಿದೆ, ಒಳಗಿನ ನರಗಳ ಹೊದಿಕೆ ಅಲ್ಲಲ್ಲಿ ಹಾಳಾಗಿದೆ, ಪೂರ್ತಿ ವಾಸಿಯಾಗದು.

"ವೈರಿನ ಮ್ಯಾಲಿನ ರಬ್ಬರ್ ಹೋಗೈತಿ ಅನ್ರಿ," ಎಂದನಂತೆ ಇವನು.

ಮುಂದಿನ ಸಂತೆಯಲ್ಲಿ ಟವೆಲ್ ಬದಿಗಿಟ್ಟು ಎಲ್ಲರ ಮುಂದೆ ಹೇಳಿಬಿಟ್ಟ: "ನನ್ನ ಬೆರಳು ಸತ್ತಾವ್ರಿ. ದರ ಬಾಯಿಲೇ ಹೇಳ್ರಿ."

ಯಾರೂ ನಂಬಲಿಲ್ಲ. "ಅಣ್ಣಾ, ಈ ಆಟ ಭಾಳ ಮಸ್ತ್ ಐತಿ, ಇದನ್ನೂ ಕಲಿಸು," ಎಂದು ಜಂಬಪ್ಪ ಅವನ ಬೆರಳು ಚಿವುಟಿದ. ಉಚ್ಚೆಂಗಪ್ಪ ಮಿಸುಕಲಿಲ್ಲ. "ನೋಡ್ರಲೇ, ಎಂಥಾ ಗಟ್ಟಿ ಗಂಡಸು!" ಎಂದು ಸಂತೆಯೇ ಹೊಗಳಿತು. ಆದರೆ ಟವೆಲ್ ಹಿಡಿಯದವನ ಹತ್ತಿರ ಒಬ್ಬರೂ ಎತ್ತು ತರಲಿಲ್ಲ. ಮಧ್ಯಾಹ್ನದವರೆಗೆ ಬರಿಗೈಯಲ್ಲಿ ಕೂತಿದ್ದ.

ಆಗ ಬಂದವಳು ಮೆಟ್ರಿ ಎಂಬ ಹಳ್ಳಿಯ ಭರಮಮ್ಮ. ಗಂಡ ತೀರಿಕೊಂಡಿದ್ದ, ಜೋಡಿ ಎತ್ತು ಮಾರಬೇಕಿತ್ತು.

"ಬಾಯಿಲೇ ದರ ಹೇಳಬೌದೇನಪ್ಪಾ? ಗಂಡಸರ ಟವೆಲ್ನ್ಯಾಗ ನಾನೆಂಗ ಕೈ ಹಾಕ್ಲಿ? ಮೈದುನ ಹಾಕಿದ್ರ ಎಷ್ಟಕ್ಕ ಮಾರಿದ ಅನ್ನೋದು ನನಗ ಗೊತ್ತಾಗಂಗಿಲ್ಲ."

"ಜೋರಾಗಿ ಹೇಳಬೇ ಯವ್ವಾ," ಎಂದ ಉಚ್ಚೆಂಗಪ್ಪ. "ನನಗ ಕಿವಿ ಮಾತ್ರ ನೆಟ್ಟಗದಾವ."

ಅವಳು ಕೂಗಿದಳು, ನಾನೂ ಕೂಗಿದೆ, ಸುತ್ತಲಿನವರೂ ತಮ್ಮದೊಂದು ಮಾತು ಸೇರಿಸಿದರು. ಎತ್ತು ನನಗಾಯಿತು, ದರ ನಾನು ಅಂದುಕೊಂಡದ್ದಕ್ಕಿಂತ ಹೆಚ್ಚೇ ಆಯಿತು. ಮುಂದಿನ ವಾರ ಇಂಥ ಇನ್ನೂ ಕೆಲವು ಹೆಂಗಸರು ಅವನನ್ನು ಹುಡುಕಿಕೊಂಡು ಬಂದರು. ಕಾಲು ಪೂರ್ತಿ ಸೋತ ಮೇಲೂ ಕುರ್ಚಿ ಹಾಕಿಸಿಕೊಂಡು ಅವನು ಅದೇ ಸಂತೆಯಲ್ಲಿ ದುಡಿದು ಉಂಡ.

ಎತ್ತಿನ ಒಡತಿಯ ಜೊತೆ ಅವಳಿಗೆ ಕೇಳುವಂತೆ ವ್ಯಾಪಾರ ಮಾಡುವುದನ್ನು ನನಗೆ ಕಲಿಸಿದವನು ಉಚ್ಚೆಂಗಪ್ಪ. ಆ ಋಣ ನನ್ನ ಮೇಲಿದೆ.